ಅಪ್ಪನ ಮೆದುಳಿನಲ್ಲಿ ಆ ಕಪ್ಪು ಜಾಗದ ಕೋಶಗಳೇ ಯಾಕೆ ಹೋದವು?

ಆಲ್ದೂರು ಕಣ · ಬೆಳಗ್ಗೆ 6:50

ಎಲ್ಲರಿಗೂ ನಮಸ್ಕಾರ. ನಮ್ಮ ಅಪ್ಪನಿಗೆ 68. ಆಲ್ದೂರು ಹತ್ತಿರ ಸ್ವಲ್ಪ ಕಾಫಿ, ನಡುವೆ ಮೆಣಸು. ಹೋದ ವರ್ಷ ಕುಯ್ಲಿನ ಹೊತ್ತಿಗೆ ಬಲಗೈ ನಡುಗಲು ಶುರುವಾಯಿತು. ಚಳಿಗೆ ಇರಬೇಕು ಎಂದುಕೊಂಡೆವು. ಆಮೇಲೆ ನಡೆಯುವಾಗ ಆ ಕೈ ಬೀಸುವುದೇ ನಿಂತಿತು. ಬಗಲಲ್ಲಿ ಏನೋ ಇಟ್ಟುಕೊಂಡ ಹಾಗೆ ಒತ್ತಿಕೊಂಡು ನಡೆಯುತ್ತಾರೆ. ಕಳೆದ ವಾರ ಬೆಂಗಳೂರಿಗೆ ಕರೆದುಕೊಂಡು ಹೋದೆ. ನರರೋಗದ ಡಾಕ್ಟರು ಬೆರಳು ಬಡಿಸಿದರು, ನಡೆಸಿದರು, ಹಿಂದೆ ನಿಂತು ಭುಜ ಹಿಡಿದು ಎಳೆದರು. ಪಾರ್ಕಿನ್ಸನ್ ಅಂದರು. ಚೀಟಿಯ ಹಿಂದೆ ಪೆನ್ನಿನಲ್ಲಿ ಒಂದು ಮೆದುಳು ಬರೆದು, ನಡುವೆ ಎರಡು ಸಣ್ಣ ಗೆರೆ ಎಳೆದು ಕಪ್ಪು ಮಾಡಿದರು. "ಇಷ್ಟೇ ಜಾಗ. ಇಲ್ಲಿರುವ ನರಕೋಶಗಳಲ್ಲಿ ಸುಮಾರು ಅರ್ಧ ಆಗಲೇ ಹೋಗಿವೆ" ಅಂದರು. ಹೊರಗೆ ಜನ ಕಾಯುತ್ತಿದ್ದರು. ಜಾಸ್ತಿ ಕೇಳಲು ಆಗಲಿಲ್ಲ.

ಆ ಚೀಟಿ ಈಗ ಫ್ರಿಜ್ ಮೇಲಿದೆ. ನೋಡಿದಾಗಲೆಲ್ಲ ತಲೆ ಕೊರೆಯುತ್ತದೆ. ಇಡೀ ಮೆದುಳು ಬಿಟ್ಟು ಆ ಚೂರು ಜಾಗದ ಕೋಶಗಳೇ ಯಾಕೆ? ಅಮ್ಮ "ಎಲ್ಲಾ ಆ ಕಳೆ ಔಷಧಿಯಿಂದ" ಅನ್ನುತ್ತಾರೆ, ನಿಜವಾ? ಪಕ್ಕದ ತೋಟದವರು ನಸುಗುನ್ನಿ ಪುಡಿ ತಂದುಕೊಟ್ಟಿದ್ದಾರೆ, ಕೊಡಬಹುದಾ? ತಮ್ಮನದು ಇನ್ನೊಂದು ವಾದ. ಕಾಫಿ ಕುಡಿಯುವವರಿಗೆ ಪಾರ್ಕಿನ್ಸನ್ ಬರುವುದೇ ಇಲ್ಲವಂತೆ, ಡಾಕ್ಟರು ತಪ್ಪು ಹೇಳಿದ್ದಾರಂತೆ. ಅಪ್ಪ ದಿನಕ್ಕೆ ಆರು ಲೋಟ ಕುಡಿಯುವವರು.

ಬೇಲೂರು ಬಸ್‌ಸ್ಟ್ಯಾಂಡ್ · ಬೆಳಗ್ಗೆ 7:14

ನಡುಗುವುದೆಲ್ಲ ಪಾರ್ಕಿನ್ಸನ್ ಅಲ್ಲ ಗುರು. ನಮ್ಮ ಸೋದರಮಾವನಿಗೆ ಹದಿನೈದು ವರ್ಷದಿಂದ ಕೈ ನಡುಗುತ್ತದೆ. ಲೋಟ ಎತ್ತಿದರೆ ಅರ್ಧ ಕಾಫಿ ಪಂಚೆ ಮೇಲೆ. ಅದು ಬೇರೆಯೇ ಕಾಯಿಲೆ ಅಂತ ಹೇಳಿದರು. ನಿಮ್ಮ ಅಪ್ಪನಿಗೆ ಯಾವಾಗ ನಡುಗುತ್ತದೆ? ಕೆಲಸ ಮಾಡುವಾಗಲಾ, ಸುಮ್ನೆ ಕೂತಾಗಲಾ?

ಆಲ್ದೂರು ಕಣ · ಬೆಳಗ್ಗೆ 7:20

ಸುಮ್ನೆ ಕೂತಾಗ. ಟಿವಿ ನೋಡುವಾಗ ಹೆಬ್ಬೆರಳು, ತೋರುಬೆರಳು ಬೀಡಿ ಸುತ್ತಿದ ಹಾಗೆ ಆಡುತ್ತಿರುತ್ತವೆ. ಲೋಟ ಹಿಡಿದ ತಕ್ಷಣ ನಿಲ್ಲುತ್ತದೆ.

ಬೇಲೂರು ಬಸ್‌ಸ್ಟ್ಯಾಂಡ್ · ಬೆಳಗ್ಗೆ 7:22

ಓ. ಹಾಗಾದರೆ ಡಾಕ್ಟರು ಹೇಳಿದ್ದೇ ಸರಿ ಇರಬೇಕು.

ಮುಗಿಯದ ಥೀಸಿಸ್ · ಬೆಳಗ್ಗೆ 9:05

ಹಾಸನದವನು. ಬೆಂಗಳೂರಿನ ಒಂದು ಲ್ಯಾಬ್‌ನಲ್ಲಿ ಇಲಿ ಮೆದುಳು ಕತ್ತರಿಸುವುದು ನನ್ನ ಕೆಲಸ. ಡಾಕ್ಟರ್ ಅಲ್ಲ, ಮಾತ್ರೆ ಬಗ್ಗೆ ನನ್ನನ್ನು ಕೇಳಬೇಡಿ. ಮೊದಲ ಪ್ರಶ್ನೆಗೆ ಮಾತ್ರ ಬರೆಯುತ್ತೇನೆ.

ಆ ಜಾಗದ ಹೆಸರು ಸಬ್‌ಸ್ಟಾನ್ಷಿಯಾ ನೈಗ್ರಾ. ಲ್ಯಾಟಿನ್‌ನಲ್ಲಿ 'ಕಪ್ಪು ವಸ್ತು' ಅಂತ, ಅಷ್ಟೇ. ನಡುಮೆದುಳಿನಲ್ಲಿ ಎಡಕ್ಕೊಂದು, ಬಲಕ್ಕೊಂದು. ಅಡ್ಡ ಕೊಯ್ದರೆ ಬರಿಗಣ್ಣಿಗೇ ಕಪ್ಪು ಗೆರೆ ಕಾಣುತ್ತದೆ. ಅಲ್ಲಿನ ಕೋಶಗಳು ಡೋಪಮಿನ್ ಮಾಡುತ್ತವೆ, ಅಂದರೆ ಕೈಕಾಲು ಸಲೀಸಾಗಿ ಆಡಲು ಬೇಕಾದ ಸಂದೇಶ ಒಯ್ಯುವ ರಾಸಾಯನಿಕ. ಹಾಗೆ ಮಾಡುವಾಗ ಉಳಿಯುವ ಕಸ ವರ್ಷಗಟ್ಟಲೆ ಕೂಡಿ ನ್ಯೂರೋಮೆಲನಿನ್ ಅನ್ನುವ ಬಣ್ಣವಾಗುತ್ತದೆ. ಪಾರ್ಕಿನ್ಸನ್‌ನಲ್ಲಿ ಆ ಗೆರೆ ಮಾಸಿರುತ್ತದೆ. 1919ರಲ್ಲಿ ತ್ರೆತ್ಯಾಕೋಫ್ ಅನ್ನುವ ರಷ್ಯದವನು ಪ್ಯಾರಿಸ್‌ನಲ್ಲಿ ತನ್ನ ಥೀಸಿಸ್‌ಗೆ ಇದನ್ನೇ ತೋರಿಸಿದ. ಅವನದು ಮುಗಿಯಿತು.

ಈಗ ಲೆಕ್ಕ. ಇಡೀ ಮೆದುಳಿನಲ್ಲಿ ಸುಮಾರು 8,600 ಕೋಟಿ ನರಕೋಶ. ಈ ಕಪ್ಪು ಜಾಗದ ಡೋಪಮಿನ್ ಕೋಶಗಳು ಎರಡೂ ಕಡೆ ಸೇರಿ ಕೆಲವೇ ಲಕ್ಷ. ನಿಮ್ಮೂರ ನೀರುಗಂಟಿಯನ್ನು ನೆನೆಸಿಕೊಳ್ಳಿ. ಒಬ್ಬನೇ ಹತ್ತು ಬೀದಿಯ ವಾಲ್ವ್ ತಿರುಗಿಸುತ್ತಾನೆ. ಈ ಕೋಶವೂ ನೀರುಗಂಟಿಯೇ, ಆದರೆ ವಾಲ್ವ್ ಹತ್ತಲ್ಲ. ಮನುಷ್ಯರಲ್ಲಿ ಒಂದೊಂದು ಕೋಶಕ್ಕೂ 10 ಲಕ್ಷಕ್ಕಿಂತ ಜಾಸ್ತಿ ಜೋಡಣೆ ಇರಬೇಕು ಎಂದು ಅಂದಾಜು ಮಾಡಿದ್ದಾರೆ. ಕವಲು ಕವಲಾಗಿ ಹೋದ ಎಳೆಯನ್ನೆಲ್ಲ ಸೇರಿಸಿದರೆ ಒಂದು ಕೋಶದ್ದೇ ಮೀಟರುಗಟ್ಟಲೆ. ಅಷ್ಟಕ್ಕೂ ಶಕ್ತಿ ಸರಬರಾಜಾಗಬೇಕು.

ಇನ್ನೊಂದು, ಇದು ತಾನಾಗಿಯೇ ಮಿಡಿಯುವ ಕೋಶ. ಯಾರೂ ಹೇಳದಿದ್ದರೂ ಹಗಲು ರಾತ್ರಿ ಮಿಡಿಯುತ್ತದೆ. ಪ್ರತಿ ಮಿಡಿತಕ್ಕೂ ಕ್ಯಾಲ್ಸಿಯಂ ಒಳಗೆ ನುಗ್ಗುತ್ತದೆ. ಅದನ್ನು ಹೊರಗೆ ಹಾಕಲು ಮತ್ತೆ ಶಕ್ತಿ ಬೇಕು. ಒಳಗಿನ ಜನರೇಟರು, ಅಂದರೆ ಮೈಟೋಕಾಂಡ್ರಿಯ, ಸದಾ ಫುಲ್ ಲೋಡಿನಲ್ಲಿ. ಡೋಪಮಿನ್ ಕೂಡ ಸಾಧು ವಸ್ತುವಲ್ಲ. ಅದನ್ನು ತುಂಬಿಟ್ಟಿರುವ ಸಣ್ಣ ಚೀಲದಿಂದ ಕೋಶದೊಳಕ್ಕೆ ಸೋರಿದರೆ ಕೋಶವನ್ನೇ ಸುಡುತ್ತದೆ. ಇಷ್ಟರ ಮೇಲೆ ಆಲ್ಫಾ ಸಿನ್ಯೂಕ್ಲಿನ್ ಅನ್ನುವ ಪ್ರೋಟೀನು ತಪ್ಪಾಗಿ ಮಡಚಿಕೊಂಡು ಗಂಟು ಕಟ್ಟುತ್ತದೆ. ಬೇರೆ ಕೋಶವಾದರೆ ಹೇಗೋ ತಡೆದುಕೊಂಡೀತು. ಇದಕ್ಕೆ ಆಗುವುದಿಲ್ಲ.

ಪಕ್ಕದಲ್ಲೇ ಡೋಪಮಿನ್ ಮಾಡುವ ಇನ್ನೊಂದು ಗುಂಪಿದೆ. ಅದು ಇಷ್ಟು ಸಾಯುವುದಿಲ್ಲ. ಹಾಗಾಗಿ ಡೋಪಮಿನ್ ಒಂದನ್ನೇ ದೂರಲೂ ಆಗದು. ಹೊರೆಯೇ ಕಾರಣ ಅಂತ ನನ್ನ ಗೈಡ್ ವಾದ. ನನ್ನದೂ ಅದೇ, ಸಹಿ ಅವರೇ ಹಾಕಬೇಕಲ್ಲ.

ಮೂರು ಲೋಟ ಫಿಲ್ಟರ್ · ಬೆಳಗ್ಗೆ 9:11

ನಮ್ಮ ಬೀದಿಯ ನೀರುಗಂಟಿ ಹಗಲು ರಾತ್ರಿ ಮಿಡಿಯುವುದಿಲ್ಲ ಸಾರ್. ವಾರಕ್ಕೆ ಎರಡು ಸಲ ಮಿಡಿದರೆ ಪುಣ್ಯ.

ಆಲ್ದೂರು ಕಣ · ಬೆಳಗ್ಗೆ 9:40

ತುಂಬಾ ಥ್ಯಾಂಕ್ಸ್ ಥೀಸಿಸ್ ಅವರೇ. ಅಪ್ಪನಿಗೆ ಓದಿ ಹೇಳಿದೆ. "ಜಾಸ್ತಿ ದುಡಿದವು ಮೊದಲು ಹೋಗುತ್ತವೆ ಅನ್ನು. ಉಂಡಾಡಿಗಳು ಉಳಿಯುತ್ತವೆ" ಅಂದರು. ಆಮೇಲೆ ತಮ್ಮನ ಕಡೆ ನೋಡಿದರು.

ಒಂದು ಡೌಟು. ಎಂಆರ್‌ಐ ನಾರ್ಮಲ್ ಅಂತ ಬಂದಿದೆ. ಅರ್ಧ ಕೋಶ ಹೋಗಿದ್ದರೆ ಅದರಲ್ಲಿ ಕಾಣಬೇಡವಾ?

ಮುಗಿಯದ ಥೀಸಿಸ್ · ಬೆಳಗ್ಗೆ 9:52

ಸಾಮಾನ್ಯ ಎಂಆರ್‌ಐನಲ್ಲಿ ಕಾಣುವುದಿಲ್ಲ. ಅದನ್ನು ಮಾಡಿಸುವುದೇ ಬೇರೆ ಏನೂ ಇಲ್ಲ ಅಂತ ಖಾತ್ರಿ ಮಾಡಿಕೊಳ್ಳಲು. ಡೋಪಮಿನ್ ತಂತುಗಳನ್ನೇ ತೋರಿಸುವ ಸ್ಕ್ಯಾನ್ ಬೇರೆ ಇದೆ. ಸಂಶಯ ಇದ್ದರೆ ಮಾತ್ರ ಬರೆಯುತ್ತಾರೆ. ಜಾಸ್ತಿ ಸಲ ಡಾಕ್ಟರ ಕಣ್ಣೇ ಸ್ಕ್ಯಾನ್.

ಮೂಡಿಗೆರೆ ಮಳೆ · ಬೆಳಗ್ಗೆ 10:30

ಇಷ್ಟುದ್ದ ಬರೆದು ಕಳೆನಾಶಕದ ವಿಷಯಕ್ಕೆ ಕೈಯೇ ಹಾಕಲಿಲ್ಲ ನೀವು. ಮೊದಲು ನಮ್ಮಲ್ಲಿ ಕತ್ತಿ ಹಿಡಿದು ಕಳೆ ಹೊಡೆಯುತ್ತಿದ್ದರು. ಆಳು ಸಿಗದೆ ಪ್ಯಾರಾಕ್ವಾಟ್ ಬಂತು. ಬಿಸಿಲಿನಲ್ಲಿ ಹೊಡೆದರೆ ಮಾರನೇ ದಿನಕ್ಕೆ ಹುಲ್ಲು ಸುಟ್ಟು ಬಿದ್ದಿರುತ್ತಿತ್ತು. ನೋಡಿ ಖುಷಿಪಟ್ಟವರಲ್ಲಿ ನಾನೂ ಒಬ್ಬ. ಯುರೋಪಿನಲ್ಲಿ 2007ರಿಂದ ಅದಕ್ಕೆ ಅನುಮತಿ ಇಲ್ಲ. ಇಲ್ಲಿ ಈಗಲೂ ಸಿಗುತ್ತದೆ. ಅಮ್ಮ ಹೇಳಿದ್ದು ಸರಿ ಮಾರಾಯ್ರೇ. ಅಮ್ಮಂದಿರು ಥೀಸಿಸ್ ಬರೆಯುವುದಿಲ್ಲ, ಅಷ್ಟೇ.

ಅರಸೀಕೆರೆ ತೆಂಗು · ಬೆಳಗ್ಗೆ 10:44

ಜೇಮ್ಸ್ ಪಾರ್ಕಿನ್ಸನ್ ಅನ್ನುವ ಲಂಡನ್ ಡಾಕ್ಟರು ಈ ಕಾಯಿಲೆ ಬಗ್ಗೆ ಬರೆದದ್ದು 1817ರಲ್ಲಿ. ಆಗ ಯಾವ ಪ್ಯಾರಾಕ್ವಾಟ್ ಇತ್ತು ಸ್ವಾಮಿ? ಆಯುರ್ವೇದದಲ್ಲಿ ಕಂಪವಾತ ಅಂತ ಹೇಳುತ್ತಾರಲ್ಲ, ಅದು ಇನ್ನೂ ಹಳೆಯದು. ಸುಮ್ನೆ ಎಲ್ಲದಕ್ಕೂ ಔಷಧಿ ಬೈಯಬೇಡಿ.

ಮೂಡಿಗೆರೆ ಮಳೆ · ಬೆಳಗ್ಗೆ 10:47

ಬೀಡಿ ಹುಟ್ಟುವ ಮೊದಲೂ ಕ್ಯಾನ್ಸರ್ ಇತ್ತು. ಹಾಗಂತ ಬೀಡಿ ಒಳ್ಳೆಯದಾ?

ಮುಗಿಯದ ಥೀಸಿಸ್ · ಬೆಳಗ್ಗೆ 11:20

ಇಬ್ಬರೂ ಅರ್ಧ ಸರಿ. ಒಂದು ಕಥೆ ಹೇಳುತ್ತೇನೆ, ನಿಜವಾದದ್ದು.

1982ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯದಲ್ಲಿ ಕೆಲವರು ಆಸ್ಪತ್ರೆಗೆ ಬಂದರು. ರಾತ್ರೋರಾತ್ರಿ ಕಲ್ಲಾದ ಹಾಗೆ. ಕೈಕಾಲು ಅಲ್ಲಾಡುವುದಿಲ್ಲ, ಮಾತಿಲ್ಲ. ಎಲ್ಲರೂ ಮಾದಕ ವಸ್ತು ಚುಚ್ಚಿಕೊಂಡವರು. ವಿಲಿಯಂ ಲ್ಯಾಂಗ್‌ಸ್ಟನ್ ಅನ್ನುವ ಡಾಕ್ಟರು ಹಿಂದೆ ಬಿದ್ದು ಹುಡುಕಿದರು. ಯಾರೋ ಕಳ್ಳತನದಲ್ಲಿ ತಯಾರಿಸಿದ ಮಾಲಿನಲ್ಲಿ ಎಂಪಿಟಿಪಿ ಅನ್ನುವ ಕಲಬೆರಕೆ ಸೇರಿತ್ತು. ಮೆದುಳಿಗೆ ಹೋದ ಮೇಲೆ ಅದು ಬೇರೆ ರೂಪಕ್ಕೆ ತಿರುಗಿ, ಡೋಪಮಿನ್ ಒಳಗೆ ಹೋಗುವ ಬಾಗಿಲಿನಿಂದಲೇ ಈ ಕಪ್ಪು ಕೋಶಗಳೊಳಗೆ ನುಗ್ಗಿ, ಜನರೇಟರು ಆಫ್ ಮಾಡುತ್ತದೆ. ಹೊರಗಿನ ವಿಷ ಬರೀ ಈ ಕೋಶಗಳನ್ನೇ ಆರಿಸಿ ಕೊಲ್ಲಬಲ್ಲದು ಅಂತ ಹಾಗೆ ಗೊತ್ತಾಯಿತು.

ಆ ತಿರುಗಿದ ರೂಪ ನೋಡಲು ಪ್ಯಾರಾಕ್ವಾಟ್‌ನ ತಮ್ಮನ ಹಾಗಿದೆ. ಅಲ್ಲಿಂದಲೇ ಸಂಶಯ ಶುರು. ಆದರೆ ಕೊಲ್ಲುವ ದಾರಿ ಎರಡಕ್ಕೂ ಬೇರೆ. 2011ರಲ್ಲಿ ಅಮೆರಿಕದಲ್ಲಿ ಕೀಟನಾಶಕ ಹೊಡೆಯುವ ಲೈಸೆನ್ಸ್ ಇದ್ದವರನ್ನು, ಅವರ ಮನೆಯವರನ್ನು ನೋಡಿದ ಒಂದು ಅಧ್ಯಯನ ಬಂತು. ಪ್ಯಾರಾಕ್ವಾಟ್ ಬಳಸಿದವರಲ್ಲಿ ಪಾರ್ಕಿನ್ಸನ್ ಸುಮಾರು 2.5 ಪಟ್ಟು. ಇದು ಸಂಬಂಧ. ನಿಮ್ಮ ಅಪ್ಪನಿಗೆ ಇದರಿಂದಲೇ ಬಂತು ಅಂತ ಬೊಟ್ಟು ಮಾಡಿ ಯಾರೂ ಹೇಳಲಾರರು. ಜೀನ್, ವಯಸ್ಸು, ಎಲ್ಲ ಸೇರಿಕೊಂಡಿರುತ್ತದೆ.

ಅರಸೀಕೆರೆ ತೆಂಗು · ಬೆಳಗ್ಗೆ 11:26

ಸಂಬಂಧ ಬೇರೆ, ಕಾರಣ ಬೇರೆ. ನಾನು ಹೇಳಿದ್ದೂ ಅದನ್ನೇ.

ಮೂಡಿಗೆರೆ ಮಳೆ · ಬೆಳಗ್ಗೆ 11:27

ನೀವು ಹೇಳಿದ್ದು ಅದಲ್ಲ. ಮೇಲೆ ಹೋಗಿ ಓದಿ.

ಕೊಪ್ಪದ ಮೊಮ್ಮಗಳು · ಮಧ್ಯಾಹ್ನ 12:15

ಜಗಳ ಸಾಕು, ನಸುಗುನ್ನಿ ವಿಷಯಕ್ಕೆ ಬನ್ನಿ. ನಮ್ಮ ಅಜ್ಜ ನಾಟಿ ಔಷಧಿ ಕೊಡುತ್ತಿದ್ದರು. ಬೇಲಿ ಮೇಲಿನ ಆ ತುರಿಕೆ ಕಾಯಿಗೆ ಮಕ್ಕಳು ಹೆದರುತ್ತಿದ್ದೆವು, ಅಜ್ಜ ಮಾತ್ರ ಅದರ ಬೀಜ ಹಾಲಿನಲ್ಲಿ ಬೇಯಿಸಿ, ಸಿಪ್ಪೆ ತೆಗೆದು ಪುಡಿ ಮಾಡುತ್ತಿದ್ದರು. ನಗುವವರು ನಗಲಿ. ಪಾರ್ಕಿನ್ಸನ್‌ಗೆ ಕೊಡುವ ಲೆವೋಡೋಪಾ ಅನ್ನುವ ನಿಮ್ಮ ಇಂಗ್ಲಿಷ್ ಔಷಧಿ ಆ ಬೀಜದಲ್ಲಿ ಹಾಗೇ ಇದೆ. 1937ರಲ್ಲಿ ಮದ್ರಾಸಿನಲ್ಲಿ ದಾಮೋದರನ್ ಮತ್ತು ರಾಮಸ್ವಾಮಿ ಅನ್ನುವ ವಿಜ್ಞಾನಿಗಳು ನಸುಗುನ್ನಿ ಬೀಜದಿಂದ ಅದನ್ನು ಬೇರ್ಪಡಿಸಿ ತೋರಿಸಿದ್ದರು. ಆಗ ಪಾರ್ಕಿನ್ಸನ್‌ಗೆ ಅದು ಬೇಕಾಗುತ್ತದೆ ಅಂತ ಜಗತ್ತಿನಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಹಾಸನ ಮೆಡಿಕಲ್ ಶಾಪ್ · ಮಧ್ಯಾಹ್ನ 12:40

ಅಕ್ಕ ಹೇಳಿದ್ದು ನಿಜ. ನಿಜವಾದ್ದರಿಂದಲೇ ಹುಷಾರಾಗಿರಬೇಕು. ಬೀಜದಲ್ಲಿ ಲೆವೋಡೋಪಾ ಸುಮ್ನೆ ಹೆಸರಿಗಲ್ಲ, ನೂರು ಗ್ರಾಮಿಗೆ ನಾಲ್ಕೈದು ಗ್ರಾಂ ಇರುತ್ತದೆ. ಒಂದು ಬಳ್ಳಿಯಂತೆ ಇನ್ನೊಂದಿಲ್ಲ. ಪಕ್ಕದ ತೋಟದ ಪುಡಿಯಲ್ಲಿ ಚಮಚಕ್ಕೆ ಎಷ್ಟು ಅಂತ ಯಾರಿಗೆ ಗೊತ್ತು? ಡಾಕ್ಟರ ಮಾತ್ರೆಯ ಮೇಲೆ ಅದನ್ನೂ ಕೊಟ್ಟರೆ ಡಬಲ್ ಡೋಸ್. ವಾಂತಿ, ಬಿಪಿ ಇಳಿಯುವುದು, ಕೈಕಾಲು ತಾನೇ ಕುಣಿಯುವುದು, ಇಲ್ಲದ್ದು ಕಾಣುವುದು, ಎಲ್ಲಾ ಆಗಬಹುದು.

ಮಾತ್ರೆಯಲ್ಲಿ ಲೆವೋಡೋಪಾ ಜೊತೆ ಕಾರ್ಬಿಡೋಪಾ ಅಂತ ಇನ್ನೊಂದು ಇರುತ್ತದೆ. ಇದು ಕಾವಲುಗಾರ. ಲೆವೋಡೋಪಾ ದಾರಿಯಲ್ಲೇ ಡೋಪಮಿನ್ ಆಗಿ ಖರ್ಚಾಗದಂತೆ ಮೆದುಳಿನವರೆಗೆ ಕಳಿಸುತ್ತದೆ. ಬೀಜದ ಪುಡಿಯಲ್ಲಿ ಈ ಕಾವಲುಗಾರ ಇರುವುದಿಲ್ಲ.

ಪುಡಿ ಕೊಡಲೇಬೇಕು ಅನ್ನಿಸಿದರೆ ಡಬ್ಬಿ ಸಮೇತ ಡಾಕ್ಟರಿಗೆ ತೋರಿಸಿ. ಮುಚ್ಚಿಡಬೇಡಿ. ಪುಡಿ ಬಂತು ಅಂತ ಮಾತ್ರೆಯನ್ನು ದಿಢೀರ್ ನಿಲ್ಲಿಸಲೂ ಬೇಡಿ. ಮೈ ಸೆಟೆದು ಜ್ವರ ಏರಿ ಐಸಿಯು ಸೇರಿದವರಿದ್ದಾರೆ.

ಇನ್ನೊಂದು ಸಣ್ಣ ವಿಷಯ, ಚೀಟಿಯಲ್ಲಿ ಒಂದೇ ಸಾಲು ಇರುತ್ತದೆ, ಯಾರೂ ಓದುವುದಿಲ್ಲ. ಈ ಮಾತ್ರೆ ಊಟಕ್ಕೆ ಅರ್ಧ ಮುಕ್ಕಾಲು ಗಂಟೆ ಮುಂಚೆ ತಗೋಬೇಕು. ಬೇಳೆಕಾಳು, ಮೊಟ್ಟೆ, ಮಾಂಸದ ಪ್ರೋಟೀನು ಮಾತ್ರೆಯ ಜೊತೆ ಒಂದೇ ಬಾಗಿಲಿಗೆ ನುಗ್ಗುತ್ತದೆ. ಮಾತ್ರೆ ಹೊರಗೇ ನಿಲ್ಲುತ್ತದೆ. ಕಬ್ಬಿಣದ ಮಾತ್ರೆಯನ್ನೂ ಜೊತೆಗೆ ನುಂಗಬಾರದು.

ಬೇಲೂರು ಬಸ್‌ಸ್ಟ್ಯಾಂಡ್ · ಮಧ್ಯಾಹ್ನ 12:48

ಅಂದರೆ ಅವರೆಕಾಯಿ ಸೀಸನ್ನಿನಲ್ಲಿ ಹಾಸನದವರಿಗೆ ಮಾತ್ರೆ ಕೆಲಸವೇ ಮಾಡುವುದಿಲ್ಲ ಅನ್ನಿ.

ಹಾಸನ ಮೆಡಿಕಲ್ ಶಾಪ್ · ಮಧ್ಯಾಹ್ನ 12:50

ನಗಬೇಡಿ. "ಬೆಳಗ್ಗೆ ಮಾತ್ರೆ ಚೆನ್ನಾಗಿ ಹಿಡಿಯುತ್ತದೆ, ಮಧ್ಯಾಹ್ನ ಹಿಡಿಯುವುದಿಲ್ಲ" ಅಂತ ಒಬ್ಬರು ಬಂದಿದ್ದರು. ದಿನಾ ಮಧ್ಯಾಹ್ನ ಹಿತಕಿದ ಬೇಳೆ ಸಾರಿನ ಊಟ ಮುಗಿಸಿ, ಆಮೇಲೆ ಮಾತ್ರೆ. ಟೈಮ್ ಬದಲಾಯಿಸಿದ ಮೇಲೆ ಸರಿಹೋಯಿತು. ಸಾರು ಬಿಡಲಿಲ್ಲ.

ಮುಗಿಯದ ಥೀಸಿಸ್ · ಮಧ್ಯಾಹ್ನ 1:10

ನಸುಗುನ್ನಿಗೆ ಜೋಡಿಯಾಗಿ ಇನ್ನೊಂದು ಬೇರಿನ ಕಥೆ ಇದೆ. ಸರ್ಪಗಂಧಿ ಗೊತ್ತಲ್ಲ? ಅದರಿಂದ ತೆಗೆದ ರಿಸರ್ಪಿನ್ ಒಂದು ಕಾಲದಲ್ಲಿ ಬಿಪಿಗೆ ದೊಡ್ಡ ಮಾತ್ರೆ. ಸ್ವೀಡನ್ನಿನ ಆರ್ವಿಡ್ ಕಾರ್ಲ್‌ಸನ್ 1957ರ ಸುಮಾರಿಗೆ ಅದನ್ನು ಮೊಲಗಳಿಗೆ ಕೊಟ್ಟರು. ಕಿವಿ ಜೋತುಬಿದ್ದು, ಕೂತಲ್ಲೇ ಕಲ್ಲಾದವು. ಆಮೇಲೆ ಮೆದುಳಿನಲ್ಲಿ ಡೋಪಮಿನ್ ಆಗುವ ಡೋಪಾ ಚುಚ್ಚಿದರು. ಹದಿನೈದು ನಿಮಿಷದಲ್ಲಿ ಮೊಲಗಳು ಎದ್ದು ಓಡಾಡಿದವು. ಡೋಪಮಿನ್‌ಗೂ ಚಲನೆಗೂ ನಂಟಿದೆ ಅಂತ ತಿಳಿದದ್ದು ಹಾಗೆ. 2000ದಲ್ಲಿ ಅವರಿಗೆ ನೊಬೆಲ್ ಬಂತು. ಕಲ್ಲು ಮಾಡಿದ ಬೇರೂ ನಮ್ಮ ಕಡೆಯದು. ಎಬ್ಬಿಸಿದ ವಸ್ತುವೂ ನಮ್ಮ ಬೇಲಿ ಮೇಲಿತ್ತು.

ಕೊಪ್ಪದ ಮೊಮ್ಮಗಳು · ಮಧ್ಯಾಹ್ನ 1:14

ನೊಬೆಲ್ ಮಾತ್ರ ಸ್ವೀಡನ್ನಿಗೆ.

ಮೂರು ಲೋಟ ಫಿಲ್ಟರ್ · ಮಧ್ಯಾಹ್ನ 1:30

ಕಾಫಿ ಬಗ್ಗೆ ಯಾರೂ ಉತ್ತರ ಕೊಟ್ಟಿಲ್ಲ. ಚಿಕ್ಕಮಗಳೂರಿನವರು ಮಾತಾಡಬೇಕಾದ ವಿಷಯ ಅದೊಂದೇ.

ಮುಗಿಯದ ಥೀಸಿಸ್ · ಮಧ್ಯಾಹ್ನ 1:52

ತಮ್ಮ ಪೂರ್ತಿ ತಪ್ಪಲ್ಲ. ಹವಾಯಿ ದ್ವೀಪದಲ್ಲಿ ಜಪಾನ್ ಮೂಲದ 8,000ಕ್ಕೂ ಹೆಚ್ಚು ಗಂಡಸರನ್ನು ಮೂವತ್ತು ವರ್ಷ ಹಿಂಬಾಲಿಸಿದರು. 2000ದಲ್ಲಿ ಬಂದ ಆ ವರದಿಯಲ್ಲಿ, ಕಾಫಿಯನ್ನೇ ಕುಡಿಯದವರಿಗೆ ಈ ಕಾಯಿಲೆ ಜಾಸ್ತಿ ಕುಡಿಯುವವರಿಗಿಂತ ಸುಮಾರು ಐದು ಪಟ್ಟು. ಕೆಫೀನ್ ಮೆದುಳಿನಲ್ಲಿ ಅಡೆನೋಸಿನ್ ಅನ್ನುವುದರ ಬಾಗಿಲು ಮುಚ್ಚುತ್ತದೆ, ಅದರಿಂದ ಡೋಪಮಿನ್ ಕೆಲಸಕ್ಕೆ ಅನುಕೂಲ. ಅದೇ ಬಾಗಿಲು ಮುಚ್ಚುವ ಒಂದು ಮಾತ್ರೆ ಜಪಾನಿನಲ್ಲಿ 2013ರಿಂದ ಇದೆ.

ಆದರೆ ಕಡಿಮೆ ಬರುತ್ತದೆ ಅಂದರೆ ಬರುವುದೇ ಇಲ್ಲ ಅಂತಲ್ಲ. ಕಾಯಿಲೆ ಬಂದ ಮೇಲೆ ಕೆಫೀನ್ ಕೊಟ್ಟು ನೋಡಿದ ಪ್ರಯೋಗದಲ್ಲಿ, 2017ರಲ್ಲಿ ವರದಿಯಾದದ್ದು, ನಡುಕ, ಬಿಗಿತಕ್ಕೆ ಏನೂ ಪ್ರಯೋಜನ ಆಗಲಿಲ್ಲ. ಆರು ಲೋಟ ಇದ್ದದ್ದು ಹನ್ನೆರಡು ಮಾಡಿದರೆ ರಾತ್ರಿ ನಿದ್ದೆ ಹೋಗುತ್ತದೆ, ಅಷ್ಟೇ.

ಮೂಡಿಗೆರೆ ಮಳೆ · ಮಧ್ಯಾಹ್ನ 1:58

ಹವಾಯಿಯಲ್ಲಿ ಚಿಕೋರಿ ಹಾಕುತ್ತಾರಾ? ನಮ್ಮ ಹೋಟೆಲಿನ ಕಾಫಿಯಲ್ಲಿ ಕಾಫಿ ಎಷ್ಟಿದೆ ಅಂತ ಮೊದಲು ಲೆಕ್ಕ ಹಾಕಿ.

ಸಕಲೇಶಪುರ ಗುಡ್ಡ · ಮಧ್ಯಾಹ್ನ 2:05

ಅರೇಬಿಕಾದಲ್ಲಿ ಕೆಫೀನ್ ಕಡಿಮೆ, ರೊಬಸ್ಟಾದಲ್ಲಿ ಹತ್ತಿರ ಹತ್ತಿರ ಎರಡು ಪಟ್ಟು. ಇಷ್ಟು ದಿನ ರೊಬಸ್ಟಾದವರನ್ನು ಕೀಳಾಗಿ ನೋಡಿದಿರಿ. ಈಗ ಹೇಳಿ.

ಮೂಡಿಗೆರೆ ಮಳೆ · ಮಧ್ಯಾಹ್ನ 2:08

ಶುರುವಾಯಿತು. ರೇಟು ಬಂದಾಗಿನಿಂದ ಇವರನ್ನು ಹಿಡಿಯಲು ಆಗುತ್ತಿಲ್ಲ.

ಸಕಲೇಶಪುರ ಗುಡ್ಡ · ಮಧ್ಯಾಹ್ನ 2:10

ರೇಟು ಇದ್ದೇನು ಮಾಡುವುದು, ನಿನ್ನೆ ಆನೆ ಬಂದು ಕಣದ ಪಕ್ಕದ ಬಾಳೆ ಅಷ್ಟೂ ಮುಗಿಸಿತು. ಮರಗಸಿಗೆ ಬರುತ್ತೇನೆ ಅಂದವರೂ ಹೆದರಿ ಬರುತ್ತಿಲ್ಲ. ಯಾರ ಹತ್ತಿರವಾದರೂ ಜನ ಇದ್ದರೆ ಹೇಳಿ.

ಮಾಡರೇಟರ್ · ಮಧ್ಯಾಹ್ನ 2:15

ಆನೆ, ಮರಗಸಿ, ರೇಟು, ಮೂರಕ್ಕೂ ಬೇರೆ ಚರ್ಚೆ ತೆರೆದಿದೆ. ಇಲ್ಲಿ ಮೆದುಳು ಮಾತ್ರ.

ಬೇಲೂರಿನ ಶಾರದಕ್ಕ · ಸಂಜೆ 4:30

ನಾನು ಓದಿದವಳಲ್ಲ, ಅನುಭವ ಹೇಳುತ್ತೇನೆ. ನಮ್ಮ ಯಜಮಾನರಿಗೆ ಕೈ ನಡುಗುವ ಎಂಟು ವರ್ಷ ಮೊದಲೇ ರಾತ್ರಿ ಕಾಟ ಶುರುವಾಗಿತ್ತು. ನಿದ್ದೆಯಲ್ಲಿ ಕೂಗುವುದು, ಒದೆಯುವುದು. ಒಂದು ರಾತ್ರಿ ನನ್ನ ಕೈಬಳೆ ಒಡೆಯಿತು. ಬೆಳಗ್ಗೆ ಕೇಳಿದರೆ ಕನಸಿನಲ್ಲಿ ಹಂದಿ ಓಡಿಸುತ್ತಿದ್ದರಂತೆ. ನಾನು ದೃಷ್ಟಿ ತೆಗೆಸಿದೆ, ತಾಯತ ಕಟ್ಟಿಸಿದೆ. ಮಲಬದ್ಧತೆಯಂತೂ ಅದಕ್ಕೂ ಮೊದಲಿಂದ. ಈಗ ಡಾಕ್ಟರು ಎಲ್ಲವೂ ಒಂದೇ ಕಾಯಿಲೆಯ ದಾರಿ ಅನ್ನುತ್ತಾರೆ. ಹೌದಾ ಮಗಾ?

ಮುಗಿಯದ ಥೀಸಿಸ್ · ಸಂಜೆ 5:02

ಹೌದು ಶಾರದಕ್ಕ. ನಾನು ಬೆಳಗ್ಗೆ ಬರೆದದ್ದರಲ್ಲಿ ಅದೇ ಬಿಟ್ಟುಹೋಗಿತ್ತು. ಕಾಯಿಲೆ ಕಪ್ಪು ಜಾಗದಲ್ಲೇ ಹುಟ್ಟುವುದಿಲ್ಲ. ಬ್ರಾಕ್ ಅನ್ನುವ ಜರ್ಮನ್ ವಿಜ್ಞಾನಿ ಸತ್ತವರ ಮೆದುಳುಗಳನ್ನು ಸಾಲಾಗಿ ಇಟ್ಟು ನೋಡಿದರು. ಆ ಪ್ರೋಟೀನ್ ಗಂಟು ಮೊದಲು ಕಾಣುವುದು ವಾಸನೆ ಗ್ರಹಿಸುವ ಭಾಗದಲ್ಲಿ, ಮತ್ತೆ ಹೊಟ್ಟೆಗೆ ಹೋಗುವ ನರ ಹುಟ್ಟುವ ಮೆದುಳಿನ ಬುಡದಲ್ಲಿ. ನಂತರ ನಿದ್ದೆಯ ಭಾಗಗಳು. ಕಪ್ಪು ಜಾಗ ಮೂರನೇ ಹಂತ. 2003ರಲ್ಲಿ ಇದನ್ನು ಬರೆದರು. ಎಲ್ಲ ರೋಗಿಗಳೂ ಈ ಕ್ರಮದಲ್ಲೇ ಹೋಗುವುದಿಲ್ಲ ಅಂತ ತಕರಾರೂ ಇದೆ. ಆದರೆ ವಾಸನೆ, ಹೊಟ್ಟೆ, ನಿದ್ದೆ ವರ್ಷಗಳ ಮೊದಲೇ ಕೆಡಬಹುದು ಅನ್ನುವುದು ನಿಜ. ಕನಸಿನಲ್ಲಿ ಕೈಕಾಲು ಆಡದ ಹಾಗೆ ಮೆದುಳು ಒಂದು ಬೀಗ ಹಾಕಿರುತ್ತದೆ. ಯಜಮಾನರದು ಆ ಬೀಗ ಹೋಗಿತ್ತು.

ಆಲ್ದೂರು ಕಣ · ರಾತ್ರಿ 8:40

ಇದನ್ನು ಓದಿ ಸುಮ್ನೆ ಕೂತುಬಿಟ್ಟೆ. ನಮ್ಮ ಅಪ್ಪ ಪಲ್ಪಿಂಗ್, ಅಂದರೆ ಕಾಫಿ ಹಣ್ಣಿನ ಸಿಪ್ಪೆ ತೆಗೆಯುವುದು, ಆದ ಮೇಲೆ ತೊಟ್ಟಿಯ ಹತ್ತಿರ ಬಗ್ಗಿ ಮೂಸಿ, "ಇನ್ನು ತೊಳೆಯಿರಿ" ಅಂತ ಹೇಳುತ್ತಿದ್ದವರು. ಒಂದು ಗಂಟೆ ಆಚೀಚೆ ಆಗುತ್ತಿರಲಿಲ್ಲ. ನಾಲ್ಕೈದು ವರ್ಷದ ಹಿಂದೆ ಒಂದು ತೊಟ್ಟಿ ಕಾಫಿ ಹುಳಿ ಹಿಡಿಯಿತು. ಅಪ್ಪನಿಗೆ ಗೊತ್ತೇ ಆಗಲಿಲ್ಲ. ನಾನು ಕೂಗಾಡಿದೆ. ಎದುರು ಮಾತಾಡಲಿಲ್ಲ ಅವರು. ಮರುವರ್ಷದಿಂದ ಅಮ್ಮನನ್ನು ಕರೆದು ಮೂಸಿಸುತ್ತಿದ್ದರು. ಕೋವಿಡ್ ಇರಬೇಕು ಎಂದುಕೊಂಡಿದ್ದೆ.

ಇವತ್ತು ಆಳುಗಳ ಹಾಜರಿ ಪುಸ್ತಕ ತೆಗೆದೆ. ಪ್ರತಿ ವರ್ಷದ್ದೂ ಕಟ್ಟಿಟ್ಟಿದ್ದಾರೆ. ಹಳೆಯದರಲ್ಲಿ ಒಂದು ಸಾಲಿಗೆ ಒಂದು ಹೆಸರು, ದಪ್ಪ ಅಕ್ಷರ. ಬರ್ತಾ ಬರ್ತಾ ಅಕ್ಷರ ಸಣ್ಣದಾಗಿದೆ. ಹೋದ ವರ್ಷದ್ದರಲ್ಲಿ ಸಾಲಿನ ಶುರು ಸರಿಯಾಗಿದೆ, ಕೊನೆಗೆ ಹೋಗುವಷ್ಟರಲ್ಲಿ ಇರುವೆ ಸಾಲು. ಯಾರೂ ನೋಡಿರಲಿಲ್ಲ.

ಬೇಲೂರಿನ ಶಾರದಕ್ಕ · ರಾತ್ರಿ 8:52

ಕೂಗಾಡಿದ್ದಕ್ಕೆ ಕೊರಗಬೇಡ ಮಗಾ. ನಾನು ತಾಯತ ಕಟ್ಟಿಸಿದವಳು.

ಅರಸೀಕೆರೆ ತೆಂಗು · ರಾತ್ರಿ 9:10

ಒಂದು ಕಡೆ ಓದಿದ್ದೆ, ನಮ್ಮವರಿಗೆ ಈ ಕಪ್ಪು ಕೋಶಗಳು ಬಿಳಿಯರಿಗಿಂತ ಕಡಿಮೆಯಂತೆ. ಹಾಗಿದ್ದರೆ ನಮಗೇ ಕಾಯಿಲೆ ಜಾಸ್ತಿ ಬರಬೇಕಲ್ಲ?

ಮುಗಿಯದ ಥೀಸಿಸ್ · ರಾತ್ರಿ 9:35

ಒಳ್ಳೆ ಪ್ರಶ್ನೆ, ಅಪರೂಪಕ್ಕೆ. ಹೌದು, 1998ರಲ್ಲಿ ನಿಮ್ಹಾನ್ಸ್‌ನವರು ಇಲ್ಲಿಯ ಆರೋಗ್ಯವಂತರ ಮೆದುಳುಗಳಲ್ಲಿ ಎಣಿಸಿ, ಕಪ್ಪು ಕೋಶ ಕಡಿಮೆ ಇವೆ, ಆದರೆ ವಯಸ್ಸಾದಂತೆ ಉದುರುವುದು ಕಾಣುವುದಿಲ್ಲ ಅಂತ ಬರೆದರು. 2009ರಲ್ಲಿ ಅಲ್ಲಿಂದಲೇ ಬಂದ ಇನ್ನೊಂದು ಅಧ್ಯಯನವೂ, ವಯಸ್ಸಿನ ಜೊತೆ ನಷ್ಟ ಇಲ್ಲ ಅಂತ ಹೇಳಿತು. ಎಷ್ಟು ಇವೆ ಅನ್ನುವುದಕ್ಕಿಂತ ಎಷ್ಟು ಉಳಿಯುತ್ತವೆ ಅನ್ನುವುದು ಮುಖ್ಯ ಇರಬಹುದು. ಆದರೆ 'ನಮ್ಮವರು' ಅಂತ ಒಟ್ಟಿಗೆ ಹೇಳುವ ಹಾಗೂ ಇಲ್ಲ. ಮುಂಬೈನ ಪಾರ್ಸಿಗಳಲ್ಲಿ ಈ ಕಾಯಿಲೆ ತುಂಬಾ ಜಾಸ್ತಿ ಅಂತ 1980ರ ದಶಕದಲ್ಲೇ ಮನೆಮನೆ ಎಣಿಸಿ ನೋಡಿದ್ದಾರೆ.

ಲೈನ್‌ಮನೆ ಹುಡುಗ · ರಾತ್ರಿ 11:48

ನಾನು ಸುಮ್ನೆ ಓದಿಕೊಂಡು ಹೋಗುವವನು. ಬರೆಯುವುದು ಮೊದಲ ಸಲ.

ನಮ್ಮಪ್ಪ ಸಕಲೇಶಪುರದ ಕಡೆ ಒಂದು ತೋಟದಲ್ಲಿ 22 ವರ್ಷ ಪಂಪು ಹೊತ್ತವರು. 16 ಲೀಟರಿನ ಪಂಪು. ವಾಷರ್ ಹೋಗಿ ಬೆನ್ನಿನ ಮೇಲೆ ಸೋರುತ್ತಿತ್ತು. ಗ್ಲೌಸ್ ಇರಲಿಲ್ಲ. ಮುಖಕ್ಕೆ ಟವೆಲ್ಲು. ಅದೇ ಕೈಯಲ್ಲಿ ಎಲೆಯಡಿಕೆ. ಈಗ 61. ಎರಡು ವರ್ಷದಿಂದ ಎರಡೂ ಕೈ ನಡುಗುತ್ತವೆ. ಅಂಗಿ ಗುಂಡಿ ಹಾಕಲು ಹತ್ತು ನಿಮಿಷ ಬೇಕು. ರೈಟರು "ಕುಡಿದು ಕುಡಿದು ಹೀಗಾಗಿದೆ" ಅಂದು ಲೆಕ್ಕ ಮುಗಿಸಿ ಕಳಿಸಿದರು. ಅಪ್ಪ ಕುಡಿಯುವುದು ಬಿಟ್ಟು ಒಂಬತ್ತು ವರ್ಷವಾಗಿದೆ. ನರದ ಡಾಕ್ಟರನ್ನು ನಾವು ನೋಡಿಲ್ಲ. ನೋಡಿದ್ದು ಹೊಟ್ಟೆಯುರಿಗೆ ಮಾತ್ರ, ಅದಕ್ಕೆ ದಿನಾ ಗ್ಯಾಸ್ ಮಾತ್ರೆ ನುಂಗುತ್ತಾರೆ.

ಬೆಳಗ್ಗೆಯಿಂದ ಓದುತ್ತಿದ್ದೇನೆ. ಕಳೆ ಔಷಧಿ ಬಗ್ಗೆ ಇಷ್ಟು ಮಾತಾಡಿದಿರಿ. ಆಲ್ದೂರಿನ ಅಣ್ಣ, ಬೇಜಾರು ಮಾಡಿಕೊಳ್ಳಬೇಡಿ. ನಿಮ್ಮ ತೋಟದಲ್ಲಿ ಔಷಧಿ ಹೊಡೆದವರು ನಿಮ್ಮ ಅಪ್ಪನಾ?

ಆಲ್ದೂರು ಕಣ · ಬೆಳಗಿನ ಜಾವ 12:20

ಅಲ್ಲ. ಅಪ್ಪ ಡ್ರಮ್ಮಿನಲ್ಲಿ ಬೆರೆಸಿ ಕೊಡುತ್ತಿದ್ದರು. ಹೊಡೆಯುತ್ತಿದ್ದವರು ಬೇರೆ.

ಮೂಡಿಗೆರೆ ಮಳೆ · ಬೆಳಗ್ಗೆ 6:15

ನಾನು ನಿನ್ನೆ ಬರೆದದ್ದನ್ನು ಮತ್ತೆ ಓದಿದೆ. 'ಆಳು ಸಿಗದೆ' ಅಂತ ಬರೆದಿದ್ದೇನೆ. ಪಂಪು ಹೊರಲು ಸಿಕ್ಕಿದ್ದರು ಅನ್ನುವುದು ಮರೆತೇಹೋಗಿತ್ತು.

ಹಾಸನ ಮೆಡಿಕಲ್ ಶಾಪ್ · ಬೆಳಗ್ಗೆ 7:30

ಲೈನ್‌ಮನೆ ತಮ್ಮಾ, ಒಂದು ಕೆಲಸ ಮಾಡು. ಆ ಗ್ಯಾಸ್ ಮಾತ್ರೆಯ ಶೀಟಿನ ಹಿಂದೆ ಏನು ಬರೆದಿದೆ ಅಂತ ಅಕ್ಷರ ಅಕ್ಷರ ಓದಿ ಹೇಳು. ಎಷ್ಟು ದಿನದಿಂದ ನುಂಗುತ್ತಿದ್ದಾರೆ?

ಲೈನ್‌ಮನೆ ಹುಡುಗ · ಬೆಳಗ್ಗೆ 7:55

ರಾಬೆಪ್ರಜೋಲ್ ಮತ್ತು ಲೆವೋಸಲ್ಪಿರೈಡ್ ಅಂತ ಇದೆ. ಮೂರು ವರ್ಷ ಆಗಿರಬೇಕು. ಹಳೆ ಚೀಟಿ ತೋರಿಸಿ ನಾವೇ ತರುತ್ತೇವೆ.

ಹಾಸನ ಮೆಡಿಕಲ್ ಶಾಪ್ · ಬೆಳಗ್ಗೆ 8:10

ಅಂದುಕೊಂಡದ್ದೇ. ಆ ಎರಡನೇ ಹೆಸರಿದೆಯಲ್ಲ, ಲೆವೋಸಲ್ಪಿರೈಡ್, ಅದು ಡೋಪಮಿನ್ ಕೂರಬೇಕಾದ ಜಾಗಕ್ಕೆ ಅಡ್ಡ ಕೂರುತ್ತದೆ. ಕೋಶ ಸತ್ತಿರುವುದಿಲ್ಲ, ಡೋಪಮಿನ್ ಬರುತ್ತಿರುತ್ತದೆ, ಕುರ್ಚಿ ಖಾಲಿ ಇರುವುದಿಲ್ಲ. ನೋಡಲು ಥೇಟ್ ಪಾರ್ಕಿನ್ಸನ್. ಎರಡೂ ಕೈಗೆ ಒಟ್ಟಿಗೆ ಬಂದದ್ದೂ ಅದಕ್ಕೆ ಹೊಂದುತ್ತದೆ, ನಿಜವಾದ ಪಾರ್ಕಿನ್ಸನ್ ಸಾಮಾನ್ಯವಾಗಿ ಒಂದು ಕಡೆಯಿಂದ ಶುರುವಾಗುತ್ತದೆ. ತಲೆಸುತ್ತಿಗೆ ಕೊಡುವ ಸಿನಾರಿಜಿನ್, ಫ್ಲುನಾರಿಜಿನ್, ವಾಂತಿಗೆ ಕೊಡುವ ಮೆಟೊಕ್ಲೊಪ್ರಮೈಡ್, ಇವೂ ಇದೇ ಜಾತಿ. ಕೆಲವು ದಿನಕ್ಕೆ ಪರವಾಗಿಲ್ಲ. ವರ್ಷಗಟ್ಟಲೆ, ಅದೂ ವಯಸ್ಸಾದವರಿಗೆ, ಕಷ್ಟ. ನಮ್ಮ ಅಂಗಡಿಗಳದೂ ತಪ್ಪಿದೆ. ಹಳೆ ಚೀಟಿ ನೋಡಿ ಕೊಡುತ್ತಲೇ ಇರುತ್ತೇವೆ.

ಇದೇ ಕಾರಣ ಅಂತ ನಾನು ಹೇಳುವ ಹಾಗಿಲ್ಲ. ಈ ಶೀಟನ್ನೇ ಜೇಬಿನಲ್ಲಿ ಇಟ್ಟುಕೊಂಡು ಸರ್ಕಾರಿ ಆಸ್ಪತ್ರೆಗೆ ಕರೆದುಕೊಂಡು ಹೋಗು. 22 ವರ್ಷ ಪಂಪು ಹೊತ್ತದ್ದನ್ನೂ ಹೇಳು.

ಸಕಲೇಶಪುರ ಗುಡ್ಡ · ಬೆಳಗ್ಗೆ 8:31

ಹಾಸನಕ್ಕೆ ಹೋಗುವ ದಿನ ಹೇಳಪ್ಪ. ನಮ್ಮ ಜೀಪು ಹೋಗುತ್ತಿರುತ್ತದೆ.

ಕೊಪ್ಪದ ಮೊಮ್ಮಗಳು · ಬೆಳಗ್ಗೆ 9:00

ಆಲ್ದೂರಿನವರೇ, ಒಂದು ಮಾತು. ನಿಮ್ಮ ಅಪ್ಪ ಬಾಗಿಲ ಹತ್ತಿರ ಕಾಲು ಅಂಟಿದ ಹಾಗೆ ನಿಂತುಬಿಡುತ್ತಾರಾ?

ಆಲ್ದೂರು ಕಣ · ಬೆಳಗ್ಗೆ 9:06

ಹೌದು, ಈಚೆಗೆ ಶುರುವಾಗಿದೆ! ಆದರೆ ಕಣದಲ್ಲಿ ಸಲೀಸಾಗಿ ನಡೆಯುತ್ತಾರೆ. ನಾಟಕ ಅಂತ ತಮ್ಮ ಅನ್ನುತ್ತಾನೆ.

ಮುಗಿಯದ ಥೀಸಿಸ್ · ಬೆಳಗ್ಗೆ 9:15

ನಾಟಕ ಅಲ್ಲ. ಕಣದ ಕಾಂಕ್ರೀಟಿನಲ್ಲಿ ಚೌಕ ಚೌಕ ಗೆರೆ ಇದೆಯಲ್ಲ? ತಾನಾಗಿ ಹೆಜ್ಜೆ ಹಾಕಿಸುವ ದಾರಿ ಕೆಟ್ಟಿದ್ದರೂ, ಕಣ್ಣಿಗೆ ಗೆರೆ ಕಂಡರೆ ಮೆದುಳು ಇನ್ನೊಂದು ದಾರಿಯಲ್ಲಿ ಕಾಲು ಎತ್ತುತ್ತದೆ. ಬಾಗಿಲ ಹತ್ತಿರ ನೆಲಕ್ಕೆ ಬಣ್ಣದ ಪಟ್ಟಿ ಅಂಟಿಸಿ ನೋಡಿ, ಹೆಜ್ಜೆಗೊಂದರಂತೆ. ಎಣಿಸುತ್ತಾ ನಡೆದರೂ ಆಗುತ್ತದೆ. ದಿನಾ ನಡೆಯುವುದನ್ನು ಮಾತ್ರ ಬಿಡಿಸಬೇಡಿ.

ಬೇಲೂರು ಬಸ್‌ಸ್ಟ್ಯಾಂಡ್ · ಬೆಳಗ್ಗೆ 9:40

ಮೆದುಳಿಗೆ ತಂತಿ ಹಾಕುತ್ತಾರಂತಲ್ಲ, ಅದು? ಮತ್ತೆ ಪೇಪರಿನಲ್ಲಿ ಸ್ಟೆಮ್ ಸೆಲ್ ಜಾಹೀರಾತು ಬರುತ್ತದೆ.

ಮುಗಿಯದ ಥೀಸಿಸ್ · ಬೆಳಗ್ಗೆ 10:02

ತಂತಿ ನಿಜವಾದ ಚಿಕಿತ್ಸೆ, ನಿಮ್ಹಾನ್ಸ್‌ನಲ್ಲೂ ಮಾಡುತ್ತಾರೆ. ವರ್ಷಗಳಾದ ಮೇಲೆ ಮಾತ್ರೆ ಬೇಗ ಬೇಗ ಇಳಿಯಲು ಶುರುವಾದಾಗ ಯೋಚಿಸುವಂಥದ್ದು. ತಂತಿ ಕೂರಿಸುವುದು ಕಪ್ಪು ಜಾಗದಲ್ಲಲ್ಲ, ಅದರ ಪಕ್ಕದ ಸರ್ಕ್ಯೂಟಿನಲ್ಲಿ. ಸಾಯುವ ಕೋಶವನ್ನು ಅದು ಉಳಿಸುವುದಿಲ್ಲ. ಈವರೆಗೆ ಯಾವ ಮಾತ್ರೆಯೂ ಉಳಿಸುವುದಿಲ್ಲ. ಕ್ಯಾಲ್ಸಿಯಂ ತಡೆದರೆ ಉಳಿಯಬಹುದು ಅಂತ ಇಸ್ರಾಡಿಪಿನ್ ಕೊಟ್ಟು ನೋಡಿದರು, 2020ರಲ್ಲಿ ಬಂದ ಫಲಿತಾಂಶ ಸೊನ್ನೆ. ಹೊಸ ಕೋಶ ನೆಡುವ ಪ್ರಯೋಗ ಜಪಾನಿನ ಕ್ಯೋಟೋದಲ್ಲಿ ನಡೆದಿದೆ, ಏಳು ಜನರ ಮೇಲೆ. ದೊಡ್ಡ ಪ್ರಯೋಗದಲ್ಲಿ ಅದು ಇನ್ನೂ ಸಾಬೀತಾಗಬೇಕು. ಪೇಪರಿನ ಜಾಹೀರಾತಿಗೆ ದುಡ್ಡು ಸುರಿಯಬೇಡಿ.

ಲೈನ್‌ಮನೆ ಹುಡುಗ · ಹನ್ನೆರಡು ದಿನದ ನಂತರ

ಹೋಗಿ ಬಂದೆವು. ಜೀಪಿನ ಅಣ್ಣನಿಗೆ ಥ್ಯಾಂಕ್ಸ್. ಡಾಕ್ಟರಮ್ಮ ಶೀಟು ನೋಡಿದ ತಕ್ಷಣ ಆ ಮಾತ್ರೆ ನಿಲ್ಲಿಸಿದರು, ಬೇರೆ ಗ್ಯಾಸ್ ಮಾತ್ರೆ ಬರೆದರು. ಪಾರ್ಕಿನ್ಸನ್ ಹೌದೋ ಅಲ್ಲವೋ ಈಗ ಹೇಳುವುದಿಲ್ಲ, ಮೂರು ತಿಂಗಳು ಬಿಟ್ಟು ಬನ್ನಿ ಅಂದರು. ಅಪ್ಪನಿಗೆ ಗುಂಡಿ ಹಾಕಲು ಇನ್ನೂ ಹತ್ತು ನಿಮಿಷವೇ ಬೇಕು.

ಆಲ್ದೂರು ಕಣ · ಅದೇ ದಿನ ರಾತ್ರಿ

ಪಟ್ಟಿ ಅಂಟಿಸಿದ್ದೇನೆ, ಬಾಗಿಲು ದಾಟುತ್ತಾರೆ. ನಸುಗುನ್ನಿ ಡಬ್ಬಿ ಹಾಗೇ ಇದೆ, ಮುಂದಿನ ಸಲ ಡಾಕ್ಟರಿಗೆ ತೋರಿಸುತ್ತೇನೆ. ನೀನು ಕೇಳಿದ್ದು ತಲೆಯಲ್ಲೇ ಇತ್ತು ತಮ್ಮಾ. ಅಪ್ಪನನ್ನು ಕೇಳಿದೆ, ಪಂಪು ಹೊತ್ತವರು ಯಾರ್ಯಾರು ಅಂತ. ಹಾಜರಿ ಪುಸ್ತಕ ತರಿಸಿ ಮೂರು ಹೆಸರು ತೋರಿಸಿದರು. ಒಬ್ಬರು ತೀರಿಕೊಂಡಿದ್ದಾರೆ. ಇನ್ನೊಬ್ಬರು ಊರು ಬಿಟ್ಟಿದ್ದಾರೆ. ಮೂರನೆಯವರು ಇಲ್ಲೇ ಕೆಳಗಿನ ಊರಲ್ಲಿದ್ದಾರೆ, ಇವತ್ತು ಹೋಗಿದ್ದೆ. ಕೈ ನಡುಗುವುದಿಲ್ಲ. ಆದರೆ ನಡೆ ನಿಧಾನವಾಗಿದೆ, ಮುಖದಲ್ಲಿ ನಗುವೇ ಬರುವುದಿಲ್ಲ.

ಲೈನ್‌ಮನೆ ಹುಡುಗ · ಅದೇ ದಿನ ರಾತ್ರಿ

ಯಾವ ಮಾತ್ರೆ ನುಂಗುತ್ತಾರೆ ಅಂತ ಕೇಳಿದಿರಾ ಅಣ್ಣ?

ಆಲ್ದೂರು ಕಣ · ಅದೇ ದಿನ ರಾತ್ರಿ

ಇಲ್ಲ. ಬೆಳಗ್ಗೆ ಮತ್ತೆ ಹೋಗುತ್ತೇನೆ.